ನೀರಿಗಿಂತ ಮೊದಲು ಗಾಳಿ ಜಾಗ ಹಿಡಿಯಲಿ

ಪ್ರಶ್ನೆ: ನಾನು ಧಾರವಾಡದವನು, ಅಮೆರಿಕದ ಸಿಯಾಟಲ್ ಪಕ್ಕದಲ್ಲಿ ನೆಲೆಸಿದ್ದೇನೆ. ಕಳೆದ ಚಳಿಗಾಲದಲ್ಲಿ ಒಂದು ಕಾರ್ಯಾಗಾರ ಸೇರಿ ಗ್ರೀನ್‌ಲ್ಯಾಂಡ್ ಮಾದರಿಯ ಕಯಾಕ್, ಅಂದರೆ ಮೇಲ್ಭಾಗ ಮುಚ್ಚಿದ ಒಬ್ಬರ ದೋಣಿ, ಕಟ್ಟಿದೆ. ಸೀಡರ್ ಮರದ ಚೌಕಟ್ಟು, ಮೇಲೆ ಬಿಗಿದು ಹೊಲಿದ ನೈಲಾನ್ ಬಟ್ಟೆ, ಅದಕ್ಕೆ ಪಾಲಿಯುರೆಥೇನ್ ಲೇಪ. ಉದ್ದ 17 ಅಡಿ, ತೂಕ 14 ಕಿಲೋ. ಒಳಗೆ ಅಡ್ಡಗೋಡೆಗಳಿಲ್ಲ, ತುದಿಯಿಂದ ತುದಿಗೆ ಒಂದೇ ಪೊಳ್ಳು. ಎರಡೂ ತುದಿಗೆ ಫ್ಲೋಟ್ ಬ್ಯಾಗ್ (ಗಾಳಿ ಊದಿದ ಚೀಲ) ಹಾಕದೆ ಸಮುದ್ರಕ್ಕೆ ಇಳಿಯಬೇಡ ಎಂದು ಜೊತೆಗಾರರು ಹೇಳುತ್ತಾರೆ. ಆದರೆ ನನಗೆ ರೋಲ್ (ಮಗುಚಿದ ದೋಣಿಯನ್ನು ಒಳಗೆ ಕುಳಿತೇ ತಿರುಗಿಸಿ ಏಳುವುದು) ಬರುತ್ತದೆ, ಮರದ ದೋಣಿ ಹೇಗೂ ಮುಳುಗುವುದಿಲ್ಲ, ಗ್ರೀನ್‌ಲ್ಯಾಂಡಿನವರು ಇಂಥ ಚೀಲಗಳಿಲ್ಲದೆಯೇ ತಲೆಮಾರುಗಳ ಕಾಲ ಬೇಟೆಯಾಡಿದರು. ಆದರೂ ಇವು ಬೇಕೇ? ಬೇಕಾದರೆ ಎಷ್ಟು ದೊಡ್ಡವು, ಎಷ್ಟು ಊದಬೇಕು? ಬಟ್ಟೆಗೂ ಚೌಕಟ್ಟಿಗೂ ಹಾನಿಯಾಗುವುದಿಲ್ಲವೇ? ಶಿಬಿರದ ಸಾಮಾನಿನ ಚೀಲಗಳನ್ನೇ ತುರುಕಿದರೆ ಸಾಲದೇ?

ಉತ್ತರ: ಬೇಕು, ಎರಡೂ ಬೇಕು. ಮುಂದಕ್ಕೊಂದು ಹಿಂದಕ್ಕೊಂದು. ಈ ಸಲ ಒಂದನ್ನು ಕೊಳ್ಳೋಣ, ಮುಂದಿನ ವರ್ಷ ಇನ್ನೊಂದನ್ನು ನೋಡೋಣ ಎಂಬ ಲೆಕ್ಕಾಚಾರ ಮಾತ್ರ ಬೇಡ. ಅದೇಕೆಂದು ಮುಂದೆ ಹೇಳುತ್ತೇನೆ.

ಮೊದಲು ‘ಮರದ ದೋಣಿ ಮುಳುಗುವುದಿಲ್ಲ’ ಎಂಬ ಮಾತನ್ನು ನೋಡೋಣ. ಅದು ನಿಜ, ಆದರೆ ನೀವು ಅಂದುಕೊಂಡ ಅರ್ಥದಲ್ಲಲ್ಲ. ನಿಮ್ಮ 14 ಕಿಲೋದಲ್ಲಿ ಚೌಕಟ್ಟು ಸುಮಾರು ಒಂಬತ್ತು ಹತ್ತು ಕಿಲೋ ಇರಬಹುದು. ಸೀಡರ್ ಬಲು ಹಗುರ, ಚೌಕಟ್ಟಿನ ಪಕ್ಕೆಲುಬುಗಳಿಗೆ ಬಗ್ಗಿಸುವ ಓಕ್ ಅಥವಾ ಆಶ್ ಮರ ಸ್ವಲ್ಪ ಭಾರ. ಎರಡನ್ನೂ ಸೇರಿಸಿ ನೀರಿನ ಅರ್ಧದಷ್ಟು ಸಾಂದ್ರತೆ ಎಂದು ಹಿಡಿಯಿರಿ. ಹಾಗಾದರೆ ಪೂರ್ತಿ ನೀರಿನೊಳಗೆ ಅದುಮಿದಾಗ ಚೌಕಟ್ಟು ಮೇಲಕ್ಕೆ ತಳ್ಳುವ ಬಲ ಅದರ ತೂಕದಷ್ಟೇ, ಅಂದರೆ ಒಂಬತ್ತು ಕಿಲೋದ ಆಸುಪಾಸು. ನೈಲಾನ್ ಬಟ್ಟೆಯೂ ಲೇಪವೂ ನೀರಿಗಿಂತ ತುಸು ಭಾರವಾದ್ದರಿಂದ ಅರ್ಧ ಕಿಲೋ ಕಳೆಯಿರಿ. ಒಳಗೆಲ್ಲ ನೀರು ತುಂಬಿದ ನಿಮ್ಮ ಕಯಾಕ್ ಹೊರಬಲ್ಲ ಹೆಚ್ಚುವರಿ ಭಾರ ಎಂಟು ಕಿಲೋ ಚಿಲ್ಲರೆ, ಅಷ್ಟೇ. ಅದರಲ್ಲಿ ಕುಳಿತರೆ ನಿಮ್ಮ ಸೊಂಟದಿಂದ ಮೇಲಿನ ದೇಹ ನೀರಿನ ಹೊರಗಿರುತ್ತದೆ. ಅದರ ತೂಕವೇ 35 ಕಿಲೋ ದಾಟುತ್ತದೆ. ದೋಣಿ ತಳಕ್ಕೆ ಹೋಗುವುದಿಲ್ಲ ನಿಜ, ಆದರೆ ನೀವು ಕುಳಿತ ಕೂಡಲೇ ಕಾಕ್‌ಪಿಟ್ಟಿನ ಬಳೆ, ಅಂದರೆ ನೀವು ಕೂರುವ ಕಂಡಿಯ ಸುತ್ತಲ ಅಂಚು, ನೀರಿನಡಿಗೆ ಸರಿಯುತ್ತದೆ. ಬಳೆ ನೀರಿನಡಿಯಲ್ಲಿದ್ದರೆ ಎಷ್ಟು ಪಂಪ್ ಹೊಡೆದರೂ ವ್ಯರ್ಥ. ನೀವು ಹೊರಗೆ ಹಾಕಿದ್ದು ಮರುಗಳಿಗೆಯಲ್ಲಿ ಒಳಗೆ ಬರುತ್ತದೆ.

ಫ್ಲೋಟ್ ಬ್ಯಾಗ್ ಎಂಬ ಹೆಸರು ಕೇಳಿ ಅದು ದೋಣಿಯನ್ನು ತೇಲಿಸಲು ಇರುವ ಸಾಧನ ಎಂದು ಹಲವರು ತಿಳಿದಿದ್ದಾರೆ. ತೇಲಿಸುವುದೂ ಅದರ ಕೆಲಸವೇ. ಆದರೆ ಅದಕ್ಕಿಂತ ದೊಡ್ಡ ಕೆಲಸ ಜಾಗ ಹಿಡಿದು ಕೂರುವುದು. ನಿಮ್ಮ ಕಯಾಕಿನ ಒಟ್ಟು ಪೊಳ್ಳು ಸುಮಾರು 220 ಲೀಟರ್ ಇದ್ದೀತು. ಚೀಲವಿಲ್ಲದೆ ಮಗುಚಿ, ನೀವು ಹೊರಬಂದು, ದೋಣಿಯನ್ನು ನೆಟ್ಟಗೆ ತಿರುಗಿಸಿದರೆ ಒಳಗೆ 150 ಲೀಟರ್ ನೀರು ಉಳಿದರೂ ಆಶ್ಚರ್ಯವಿಲ್ಲ. ಅಂದರೆ 150 ಕಿಲೋ. ಎರಡು ಚೀಲಗಳು ಸೇರಿ 110 ಲೀಟರ್ ಜಾಗ ಹಿಡಿದಿದ್ದರೆ ನೀರಿಗೆ ಉಳಿಯುವುದು ಕಾಕ್‌ಪಿಟ್ ಮಾತ್ರ. ನೀವು ಒಳಸೇರಿ ಕುಳಿತಾಗ ನಿಮ್ಮ ಕಾಲು ತೊಡೆಗಳೇ ಇನ್ನೊಂದಷ್ಟು ನೀರನ್ನು ಹೊರದೂಡುತ್ತವೆ. ಉಳಿದದ್ದು 60–70 ಲೀಟರ್. ಆ 110 ಲೀಟರ್ ಗಾಳಿ ಸಮುದ್ರದ ನೀರಿನಲ್ಲಿ 110 ಕಿಲೋಗೂ ಮಿಕ್ಕ ಭಾರವನ್ನು ಹೊರುತ್ತದೆ, ಹಾಗಾಗಿ ಬಳೆ ಮೇಲೆಯೇ ಇರುತ್ತದೆ.

ಈಗ ಈ ಅಂಕಿಗಳನ್ನು ನಿಮ್ಮ ನೀರಿಗೆ ಇಳಿಸಿ ನೋಡಿ. ನಿಮ್ಮ ಊರಿನ ಪಕ್ಕದ ಕಡಲತೋಳು ಪ್ಯೂಜೆಟ್ ಸೌಂಡಿನ ನೀರು ಬೇಸಿಗೆಯಲ್ಲೂ ಚಳಿಗಾಲದಲ್ಲೂ ಬಹುಪಾಲು 8ರಿಂದ 13 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರುತ್ತದೆ. ತಣ್ಣೀರಿನಲ್ಲಿ ದೇಹದ ವರ್ತನೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೆನಡಾದ ಗಾರ್ಡನ್ ಗೀಸ್‌ಬ್ರೆಕ್ಟ್ ‘ಒಂದು–ಹತ್ತು–ಒಂದು’ ಎಂಬ ಸೂತ್ರವನ್ನು ಪ್ರಚಾರಕ್ಕೆ ತಂದರು. ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಬೆರಳು ಹೇಳಿದ ಮಾತು ಕೇಳುವುದು ಹತ್ತು ನಿಮಿಷ, ಪ್ರಜ್ಞೆ ತಪ್ಪುವ ಮುನ್ನ ಒಂದು ಗಂಟೆ. ಕೈಪಂಪಿನ ಡಬ್ಬಿಯ ಮೇಲೆ ನಿಮಿಷಕ್ಕೆ 30 ಲೀಟರ್ ಎಂದು ಬರೆದಿರುತ್ತಾರೆ. ಬೆಚ್ಚಗಿನ ಕೋಣೆಯಲ್ಲಿ, ಬಕೆಟ್ಟಿನ ಎದುರು ಕುಳಿತರೆ ಅಷ್ಟು ಬರಬಹುದು. ಅಲೆಯಲ್ಲಿ ಒಂದು ಕೈ ಹುಟ್ಟಿನ ಮೇಲೆ, ಒಂದು ಕೈ ಪಂಪಿನ ಮೇಲೆ ಇರುವಾಗ ಅರ್ಧ ಬಂದರೆ ಹೆಚ್ಚು. 150 ಲೀಟರ್ ಎಂದರೆ ನಿಮ್ಮ ಹತ್ತು ನಿಮಿಷ ಅಲ್ಲಿಗೇ ಮುಗಿಯಿತು. 60 ಲೀಟರ್ ಆದರೆ ನಾಲ್ಕು ನಿಮಿಷದ ಕೆಲಸ, ದಡಕ್ಕೆ ಹೋಗಲು ಬೆರಳಲ್ಲಿ ಇನ್ನೂ ಜೀವವಿರುತ್ತದೆ.

ಪಂಪ್ ಮಾಡುವಷ್ಟು ಹೊತ್ತು ಕುಳಿತಿರಬಲ್ಲಿರಾ ಎಂಬುದು ಮತ್ತೊಂದು ಪ್ರಶ್ನೆ. ಒಳಗಿನ ನೀರು ಸುಮ್ಮನಿರುವುದಿಲ್ಲ. ದೋಣಿ ಬಲಕ್ಕೆ ವಾಲಿದರೆ ನೀರೂ ಬಲಕ್ಕೆ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ಅಗಲ ತಟ್ಟೆಯಲ್ಲಿ ಸಾರು ತುಂಬಿ ನಡೆಯುವವರಿಗೆ ಇದು ಗೊತ್ತು. ಈ ಕೇಡು ನೀರು ನಿಂತ ಜಾಗದ ಉದ್ದಕ್ಕೆ ತಕ್ಕಂತೆ ಬೆಳೆಯುತ್ತದೆ. ಚೀಲಗಳು ಆ ಉದ್ದವನ್ನು ಐದು ಮೀಟರಿನಿಂದ ಒಂದೂವರೆ ಮೀಟರಿಗೆ ಇಳಿಸುತ್ತವೆ. ರೋಲ್ ಬರುವವರಿಗೂ ಇದು ಅನ್ವಯಿಸುತ್ತದೆ. ನೀರು ತುಂಬಿದ ದೋಣಿಯಲ್ಲಿ ರೋಲ್ ಮಾಡಿ ಮೇಲೆ ಬರುವುದು ಸಾಧ್ಯ. ಬಂದ ಮೇಲೆ ಮೇಲೆಯೇ ಇರುವುದು ಕಷ್ಟ.

ಜೊತೆಗಾರರು ನಿಮ್ಮ ದೋಣಿಯ ಮೂತಿಯನ್ನು ತಮ್ಮ ದೋಣಿಯ ಡೆಕ್ಕಿನ (ಮೇಲ್ಮುಚ್ಚಿಗೆಯ) ಮೇಲೆ ಎಳೆದು, ಬೋರಲು ಹಿಡಿದು, ನೀರು ಸುರಿದು ಕೊಡುವ ರಕ್ಷಣಾ ಕ್ರಮವನ್ನು ನೀವು ಕಲಿತಿರಬಹುದು. ಅಡ್ಡಗೋಡೆ ಇರುವ ಫೈಬರ್ ದೋಣಿಗಾಗಿ ರೂಪುಗೊಂಡ ವಿಧಾನ ಅದು. ಕಾಕ್‌ಪಿಟ್ಟಿನ ಬೆನ್ನಿಗೇ ಗೋಡೆ ಇದ್ದರೆ ಮೂತಿ ಎತ್ತಿದಾಗ ನೀರಿಗೆ ಬೇರೆ ದಾರಿಯಿಲ್ಲ, ಬಳೆಯಿಂದ ಹೊರಗೆ ಬೀಳುತ್ತದೆ. ನಿಮ್ಮ ದೋಣಿಯಲ್ಲಿ ಮೂತಿ ಎತ್ತಿದರೆ ನೀರೆಲ್ಲ ಹಿಂತುದಿಗೆ ಓಡಿ ಅಲ್ಲೇ ಕೂರುತ್ತದೆ. ಎತ್ತುವವರ ಸೊಂಟ ಹಿಡಿದುಕೊಳ್ಳುತ್ತದೆ, ನೀರು ಮಾತ್ರ ಹೊರಬರುವುದಿಲ್ಲ. ಹಿಂದಿನ ಚೀಲ ಆಸನದ ಬೆನ್ನಿಗೆ ತಾಗುವಷ್ಟು ಮುಂದೆ ಬಂದಿರಬೇಕು ಎಂದು ನಾನು ಪದೇಪದೇ ಹೇಳುವುದು ಇದಕ್ಕಾಗಿಯೇ. ಚೀಲಕ್ಕೂ ಬೆನ್ನಿಗೂ ನಡುವೆ ಎರಡು ಗೇಣು ಖಾಲಿ ಬಿಟ್ಟರೆ ಅಷ್ಟೂ ಜಾಗ ಹೊರಗೆ ಸುರಿಯಲಾಗದ ನೀರಿನ ಗುಂಡಿ.

ಒಂದೇ ಚೀಲ ಬೇಡ ಎಂದದ್ದರ ಕಾರಣವೂ ಇಲ್ಲೇ ಇದೆ. ಮುಂದೆ ಮಾತ್ರ ಗಾಳಿ, ಹಿಂದೆಲ್ಲ ನೀರು ಎಂದಾದರೆ ಹಿಂತುದಿ ಇಳಿದು ಮೂತಿ ಆಕಾಶಕ್ಕೆ ಎದ್ದು ದೋಣಿ ನೆಟ್ಟಗೆ ನಿಲ್ಲಬಹುದು. ಸಮುದ್ರ ಕಯಾಕಿಗರು ಇದಕ್ಕೆ ‘ಕ್ಲಿಯೋಪಾತ್ರಾಳ ಸೂಜಿ’ ಎನ್ನುತ್ತಾರೆ, ಈಜಿಪ್ಟಿನಿಂದ ಲಂಡನ್ನಿಗೆ ಸಾಗಿಸಿದ ಕಲ್ಲಿನ ಸ್ತಂಭದ ಹೆಸರು. ಹೆಸರು ಚೆಂದ. ಆದರೆ ಹಾಗೆ ನಿಂತ ದೋಣಿಯನ್ನು ಹತ್ತಲೂ ಆಗುವುದಿಲ್ಲ, ಬರಿದು ಮಾಡಲೂ ಆಗುವುದಿಲ್ಲ.

ಇನ್ನು ಗ್ರೀನ್‌ಲ್ಯಾಂಡಿನವರ ಮಾತು. ಅವರ ಬೇಟೆಗಾರ ದೋಣಿಯಿಂದ ಹೊರಬರುವ ಯೋಚನೆಯನ್ನೇ ಇಟ್ಟುಕೊಂಡಿರಲಿಲ್ಲ. ತುಯಿಲಿಕ್ ಎಂಬ ಸೀಲ್ ಚರ್ಮದ ಅಂಗಿಯನ್ನು ಮುಖದ ಸುತ್ತ, ಮಣಿಕಟ್ಟಿನ ಸುತ್ತ, ಕಾಕ್‌ಪಿಟ್ ಬಳೆಯ ಸುತ್ತ ಬಿಗಿದುಕೊಂಡರೆ ಮನುಷ್ಯನೂ ದೋಣಿಯೂ ಒಂದೇ ಮೈ. ಮಗುಚಿದರೆ ರೋಲ್, ಇಲ್ಲವೇ ಜೊತೆಗಾರನ ದೋಣಿಯ ಮೂತಿ ಹಿಡಿದು ಏಳುವುದು. ಎರಡೂ ಆಗದಿದ್ದರೆ ಹೆಚ್ಚಾಗಿ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಚೀಲವಿಲ್ಲದೆ ಬದುಕಿದರು ಎನ್ನುವಾಗ ಬದುಕದವರನ್ನೂ ಎಣಿಸಬೇಕಾಗುತ್ತದೆ. ಅದೂ ಅಲ್ಲದೆ ಅವರಿಗೆ ಗಾಳಿಚೀಲ ಗೊತ್ತೇ ಇರಲಿಲ್ಲ ಎಂಬುದು ಸುಳ್ಳು. ಇಡೀ ಸೀಲ್ ಚರ್ಮವನ್ನು ಊದಿ ಮಾಡಿದ ಅವತಾಕ್ ಬೇಟೆಗಾರನ ಬೆನ್ನ ಹಿಂದೆ ಡೆಕ್ಕಿನ ಮೇಲೆಯೇ ಇರುತ್ತಿತ್ತು. ಭರ್ಜಿ ತಾಗಿದ ಪ್ರಾಣಿ ಮುಳುಗದಂತೆ ತಡೆಯುವುದು ಅದರ ಕೆಲಸ. ಅಲಾಸ್ಕದ ಕಡೆಯ ಅಲ್ಯೂಟ್ ಜನ ಇನ್ನೂ ಒಂದು ಹೆಜ್ಜೆ ಮುಂದೆ: ಪ್ರಾಣಿಗಳ ಜಠರವನ್ನು ಊದಿ ತೇಲುಚೀಲವಾಗಿ ಬಳಸುತ್ತಿದ್ದರು, ಒಳಗಿನ ನೀರನ್ನು ಬಾಯಿಂದ ಹೀರಿ ತೆಗೆಯಲು ಮರದ ಕೊಳವೆ ಒಯ್ಯುತ್ತಿದ್ದರು. ನೀವು ಇಂದು ಅಂಗಡಿಯಲ್ಲಿ ಕೊಳ್ಳುವ ಚೀಲ, ಪಂಪುಗಳ ಪೂರ್ವಜರು ಇವು.

ಧಾರವಾಡದವರಾದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಹಂಪಿಯ ಹರಿಗೋಲು ನಿಮ್ಮ ಕಯಾಕಿನ ದೂರದ ದಾಯಾದಿ. ಬಿದಿರ ದಬ್ಬೆಯ ಹೆಣಿಗೆ, ಅದರ ಮೇಲೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿನ, ಚರ್ಮ ಹೊದಿಸಿದ ಈ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಹರಿಗೋಲಿಗೆ ಯಾರೂ ಗಾಳಿಚೀಲ ಕಟ್ಟುವುದಿಲ್ಲವಲ್ಲ ಎಂದು ಕೇಳಬೇಡಿ. ಅದು ಬಾಯಿ ತೆರೆದ ಪಾತ್ರೆ, ದಡಕ್ಕೆಳೆದು ಬೋರಲು ಹಾಕಿದರೆ ನೀರು ಹೋಯಿತು. ಕಯಾಕಿನಲ್ಲಿ ಅಲೆಯನ್ನು ಒಳಗೆ ಬಿಡದ ಅದೇ ಡೆಕ್, ಒಮ್ಮೆ ಒಳಬಂದ ನೀರನ್ನು ಹೊರಗೂ ಬಿಡುವುದಿಲ್ಲ.

ಅಳತೆಗೆ ಬರೋಣ. ಅಂಗಡಿಯವರು ‘ಗ್ರೀನ್‌ಲ್ಯಾಂಡ್ ಕಯಾಕಿಗೆ ಇದು’ ಎಂದು ಒಂದು ಜೋಡಿ ಕೊಟ್ಟರೆ ನಂಬಬೇಡಿ. ಕೈಯಿಂದ ಕಟ್ಟಿದ ದೋಣಿಗಳು ಕಟ್ಟಿದವರ ಮೈಯಳತೆಗೆ ತಕ್ಕಂತೆ ಬೇರೆಬೇರೆ. ಟೇಪ್ ಹಿಡಿದು ಅಳೆಯಿರಿ. ಆಸನದ ಬೆನ್ನಿನ ಬಳಿ ಒಳಗಲ 48 ಸೆಂಟಿಮೀಟರ್, ಎತ್ತರ 20 ಎಂದುಕೊಳ್ಳಿ. ಮೂಲೆಗಳು ಓರೆಯಾದ್ದರಿಂದ ಗುಣಲಬ್ಧದ ಮುಕ್ಕಾಲಿಗಿಂತ ತುಸು ಕಡಿಮೆ ಹಿಡಿದರೆ ಅಡ್ಡಕೊಯ್ತದ ವಿಸ್ತೀರ್ಣ 670 ಚದರ ಸೆಂಟಿಮೀಟರ್. ಅಲ್ಲಿಂದ ಹಿಂತುದಿಗೆ 220 ಸೆಂಟಿಮೀಟರ್. ಪೂರ್ತಿ ಶಂಕುವಾಗಿದ್ದರೆ ಮೂರನೇ ಒಂದು ಭಾಗ, ಆದರೆ ದೋಣಿಯ ಪಕ್ಕ ಹೊರಕ್ಕೆ ಉಬ್ಬಿರುವುದರಿಂದ 0.45ರಿಂದ ಗುಣಿಸಿ. ಬಂದದ್ದು ಸುಮಾರು 66 ಲೀಟರ್. ಇದೇ ರೀತಿ ಪಾದದ ಆನಿಕೆಯಿಂದ ಮೂತಿಯವರೆಗೆ ಲೆಕ್ಕ ಹಾಕಿದರೆ 45 ಲೀಟರಿನ ಆಸುಪಾಸು ಬರುತ್ತದೆ. ಕೊಳ್ಳುವಾಗ ಈ ಅಂಕಿಗಿಂತ ಒಂದು ಅಳತೆ ದೊಡ್ಡದನ್ನೇ ಕೊಳ್ಳಿ. ಚಿಕ್ಕ ಚೀಲ ತಾನೇ ಬಿಗಿದುಕೊಂಡು ದುಂಡಗಾಗುತ್ತದೆ, ಮೂಲೆಗಳನ್ನು ಬಿಟ್ಟುಬಿಡುತ್ತದೆ, ಒತ್ತಡವೆಲ್ಲ ಅದರ ಬೆಸುಗೆಯ ಮೇಲೆ ಬೀಳುತ್ತದೆ. ದೊಡ್ಡ ಚೀಲ ಸಡಿಲವಾಗಿಯೇ ಮೂಲೆಮೂಲೆಗೆ ಹರಡುತ್ತದೆ, ಬೆಸುಗೆಗೆ ಬಿಗಿತವೇ ಇರುವುದಿಲ್ಲ.

ಪಿವಿಸಿ ಚೀಲ ಅಗ್ಗ, ಆದರೆ ಚಳಿಗೆ ಗಡುಸಾಗಿ ಮಡಿಕೆಯಲ್ಲಿ ಸೀಳುತ್ತದೆ. ನಿಮ್ಮ ಊರಿನ ಹವೆಗೆ ಯುರೆಥೇನ್ ಲೇಪಿಸಿದ ನೈಲಾನ್ ಚೀಲವೇ ಸರಿ. ಯಾವುದನ್ನೇ ಕೊಂಡರೂ ಊದುವ ಕೊಳವೆ ಉದ್ದವಾಗಿರಲಿ. ಚೀಲವನ್ನು ತುದಿಗೆ ತಳ್ಳಿದ ಮೇಲೆ ಕಾಕ್‌ಪಿಟ್ಟಿನಲ್ಲಿ ಕುಳಿತೇ ಊದಲು, ಮಧ್ಯದಲ್ಲಿ ಒಂದು ಉಸಿರು ಸೇರಿಸಲು ಬರುವಂತಿರಬೇಕು.

ಚೀಲ ಇಳಿಸುವ ಮುನ್ನ ಒಂದು ತಪಾಸಣೆ. ಹಳೆಯ ನೈಲಾನ್ ಕಾಲುಚೀಲವೊಂದನ್ನು ಮೊಣಕೈವರೆಗೆ ಕೈಗೆ ತೊಟ್ಟು, ಪಕ್ಕೆಲುಬು, ಉದ್ದಪಟ್ಟಿ, ಅಡ್ಡತೊಲೆಗಳ ಒಳಮೈಯನ್ನೆಲ್ಲ ನಿಧಾನವಾಗಿ ಸವರಿ. ಬರಿಗೈಗೆ ನುಣುಪಾಗಿ ತೋರುವಲ್ಲಿಯೂ ಈ ಬಟ್ಟೆ ಸಿಕ್ಕಿಕೊಳ್ಳುತ್ತದೆ: ಕತ್ತರಿಸಿ ಬಿಟ್ಟ ದಾರದ ಗಂಟಿನ ಚೂಪು ತುದಿ, ಮರದ ಮೊಳೆಯ ಉಳಿಕೆ, ಪಕ್ಕೆಲುಬು ಬಗ್ಗಿಸುವಾಗ ಎದ್ದ ಸಿಬಿರು. ಸಿಕ್ಕಿದ ಕಡೆಯೆಲ್ಲ ಉಪ್ಪುಕಾಗದ ಆಡಿಸಿ. ಮೇಣದ ದಾರದ ಗಂಟುಗಳಿಗೆ ಸ್ವಲ್ಪ ಅಂಟುಪಟ್ಟಿ ಸುತ್ತಿ. ನನ್ನ ಅನುಭವದಲ್ಲಿ ಚೀಲ ತೂತಾಗುವುದು ಬಂಡೆ ಬಡಿದು ಅಲ್ಲ, ಇಂಥ ಒಂದು ಗಂಟು ಅಲೆಅಲೆಗೂ ಉಜ್ಜಿ ಉಜ್ಜಿ. ಮರಳು ಇನ್ನೊಂದು ಶತ್ರು. ಚೀಲಕ್ಕೂ ಬಟ್ಟೆಗೂ ನಡುವೆ ಸಿಕ್ಕ ಮರಳು ಎರಡನ್ನೂ ಒಳಗಿನಿಂದ ಸವೆಸುತ್ತದೆ. ದೋಣಿ ಹತ್ತುವಾಗ ಪಾದ ತೊಳೆದುಕೊಳ್ಳುವ ಅಭ್ಯಾಸ ಇಟ್ಟುಕೊಂಡರೆ ಚೀಲದ ಆಯಸ್ಸೂ ಹೆಚ್ಚು, ಬಟ್ಟೆಯ ಆಯಸ್ಸೂ ಹೆಚ್ಚು.

ಕಟ್ಟುವುದನ್ನು ಜನ ಹೆಚ್ಚಾಗಿ ಮರೆಯುತ್ತಾರೆ. 66 ಲೀಟರಿನ ಚೀಲ ನೀರು ತುಂಬಿದ ದೋಣಿಯೊಳಗೆ ಅರುವತ್ತು ಕಿಲೋಗೂ ಮಿಕ್ಕ ಬಲದಿಂದ ಮೇಲಕ್ಕೆ ನುಗ್ಗಲು ನೋಡುತ್ತದೆ. ಕಟ್ಟಿರದಿದ್ದರೆ ಅದು ಕಂಡುಕೊಳ್ಳುವ ದಾರಿ ಕಾಕ್‌ಪಿಟ್. ಬೇಕಾದ ಗಳಿಗೆಯಲ್ಲಿ ಚೀಲ ದೋಣಿಯ ಹೊರಗೆ ತೇಲುತ್ತಿರುತ್ತದೆ, ನೀವು ಅದನ್ನೇ ನೋಡುತ್ತಿರುತ್ತೀರಿ. ಇನ್ನೂ ಕೆಟ್ಟದ್ದು, ಮುಂದಿನ ಚೀಲ ಜಾರಿ ಪಾದಗಳ ಮೇಲೆ ಬಂದು ಕೂತರೆ ಹೊರಬರುವುದೇ ಕಷ್ಟವಾಗುತ್ತದೆ. ಪಾದದ ಆನಿಕೆ ದೋಣಿಯ ಪೂರ್ತಿ ಅಗಲಕ್ಕೆ ಅಡ್ಡಲಾಗಿದ್ದರೆ ಮುಂದಿನದನ್ನು ಅದೇ ತಡೆಯುತ್ತದೆ. ಹಿಂದಿನದಕ್ಕೆ ಆಸನದ ಬೆನ್ನ ಹಿಂದೆ ಎರಡು ಪಕ್ಕೆಲುಬುಗಳ ನಡುವೆ ಅಡ್ಡಡ್ಡ ಹಗ್ಗ ಹೆಣೆಯಿರಿ, ಅಥವಾ ಅಗಲ ಪಟ್ಟಿಯೊಂದನ್ನು ಬಿಗಿಯಿರಿ.

ಚೀಲದ ಚೂಪು ತುದಿಯ ಕಣ್ಣನ್ನೂ (ಹಗ್ಗ ಪೋಣಿಸುವ ತೂತು) ಕಟ್ಟಬೇಕು. ಆದರೆ ಅಲ್ಲಿಗೆ ಯಾರ ಕೈಯೂ ಮುಟ್ಟುವುದಿಲ್ಲ. ಬಟ್ಟೆ ಹೊದಿಸುವ ಮುನ್ನ ಕೇಳಿದ್ದರೆ ಕೆಲಸ ಸುಲಭವಿತ್ತು. ಈಗಲೂ ದಾರಿಯಿದೆ. ತೆಳು ಬಿದಿರುಕೋಲಿನ ತುದಿಗೆ ತಂತಿಯ ಕೊಕ್ಕೆ ಮಾಡಿ, ಕೊನೆಯ ಅಡ್ಡತೊಲೆಯ ಮೇಲಿನಿಂದ ಹಗ್ಗವೊಂದನ್ನು ದಾಟಿಸಿ, ಅದರ ತುದಿಯನ್ನು ತೊಲೆಯ ಕೆಳಗಿನಿಂದ ಎಳೆದುಕೊಳ್ಳಿ. ಹಗ್ಗದ ಎರಡೂ ತುದಿಗಳು ಈಗ ಕಾಕ್‌ಪಿಟ್ಟಿನಲ್ಲಿವೆ. ಒಂದನ್ನು ಚೀಲದ ಕಣ್ಣಿಗೆ ಕಟ್ಟಿ ಇನ್ನೊಂದನ್ನು ಎಳೆದರೆ ಖಾಲಿ ಚೀಲ ತಾನಾಗಿ ತುದಿಗೆ ಸರಿಯುತ್ತದೆ. ಎಳೆದ ತುದಿಯನ್ನು ಪಕ್ಕೆಲುಬಿಗೆ ಬಿಗಿದು, ಉಳಿದ ಹಗ್ಗವನ್ನು ಕಾಲಿಗೆ ಸಿಗದಂತೆ ಸುತ್ತಿಡಿ. ಈ ಹಗ್ಗವನ್ನು ಎಂದಿಗೂ ತೆಗೆಯಬೇಡಿ, ಚೀಲ ಹೊರತೆಗೆದಾಗಲೂ ಅದು ಅಲ್ಲೇ ಇರಲಿ.

ಎಷ್ಟು ಊದಬೇಕು? ಬಾಯಿಂದ ಊದಿ, ಹೆಬ್ಬೆರಳು ಒತ್ತಿದರೆ ಮೆತ್ತಗೆ ಒಳಹೋಗುವಷ್ಟು. ಕಂಪ್ರೆಸರ್ ಬೇಡ, ಕಾಲಿನಿಂದ ತುಳಿಯುವ ಪಂಪನ್ನೂ ಹುಷಾರಾಗಿ ಬಳಸಿ. ಫೈಬರ್ ದೋಣಿಯವರು ಕೊಡುವ ಸಲಹೆ ನಿಮಗೆ ಹೊಂದುವುದಿಲ್ಲ. ಅವರದು ಗಟ್ಟಿ ಚಿಪ್ಪು, ನಿಮ್ಮದು ದಾರದಿಂದ ಕಟ್ಟಿದ ಮರ. ಚೀಲದೊಳಗಿನ ಒತ್ತಡ ಸಣ್ಣದಾದರೂ ಅದು ಒತ್ತುವ ಜಾಗ ದೊಡ್ಡದು ಎಂಬುದನ್ನು ನೆನಪಿಡಿ. 25 ಡಿಗ್ರಿಯಲ್ಲಿ ಬಿಗಿಯಾಗಿ ಊದಿದ ಚೀಲ ಕಾರಿನ ಮೇಲೆ ಬಿಸಿಲಿನಲ್ಲಿ 60 ಡಿಗ್ರಿ ಮುಟ್ಟಿದರೆ ಗಾಳಿ ಶೇಕಡಾ 12ರಷ್ಟು ಹಿಗ್ಗಲು ನೋಡುತ್ತದೆ. ಹಿಗ್ಗಲು ಜಾಗವೇ ಇಲ್ಲದಿದ್ದರೆ ಒತ್ತಡ ವಾಯುಮಂಡಲದ ಶೇಕಡಾ 12ರಷ್ಟು ಏರುತ್ತದೆ. ಅರ್ಧ ಚದರ ಮೀಟರ್ ಡೆಕ್ಕಿನ ಮೇಲೆ ಅದು ಒಳಗಿನಿಂದ ಆರುನೂರು ಕಿಲೋ ಭಾರ ಇಟ್ಟಂತೆ. ನಿಜದಲ್ಲಿ ಬಟ್ಟೆ ತುಸು ಉಬ್ಬಿ, ಚೀಲ ತುಸು ಎಳೆದುಕೊಂಡು ಅಷ್ಟರವರೆಗೆ ಹೋಗುವುದಿಲ್ಲ. ಆದರೆ ಬೆಸುಗೆ ಬಿಡಲು, ಕಟ್ಟು ಸಡಿಲಾಗಲು, ಪಕ್ಕೆಲುಬು ಸೀಳಲು ಅದರ ಒಂದಂಶ ಸಾಕು. ದೋಣಿ ಕಾರಿನ ಮೇಲೇರುವ ಮೊದಲು ವಾಲ್ವ್ ತೆರೆಯಿರಿ. ಪರ್ವತ ದಾಟಿ ಹೋಗುವಾಗಲೂ ಅಷ್ಟೇ. ನಿಮ್ಮ ಪೂರ್ವಕ್ಕಿರುವ ಸ್ನೋಕ್ವಾಲ್ಮಿ ಕಣಿವೆದಾರಿ 900 ಮೀಟರಿಗೂ ಎತ್ತರ, ಅಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಭಾಗ ಇಳಿದಿರುತ್ತದೆ.

ನೀರಿಗಿಳಿದ ಮೇಲೆ ಇದರ ತಿರುವುಮುರುವು. ದಡದ ಬಿಸಿಲಿನಲ್ಲಿ 30 ಡಿಗ್ರಿಯಲ್ಲಿ ಊದಿದ ಗಾಳಿ 10 ಡಿಗ್ರಿಯ ನೀರಿಗೆ ತಣಿದರೆ ಶೇಕಡಾ ಆರೇಳರಷ್ಟು ಕುಗ್ಗುತ್ತದೆ. ಸರಿಯಾಗಿ ಕೂತಿದ್ದ ಚೀಲ ಸಡಿಲವಾಗುತ್ತದೆ. ಹೀಗಾಗಿ ದೋಣಿಯನ್ನು ನೀರಿನಲ್ಲಿ ಬಿಟ್ಟು, ಲೈಫ್ ಜಾಕೆಟ್ ತೊಟ್ಟು, ಸೊಂಟಕ್ಕೂ ಬಳೆಗೂ ನಡುವೆ ನೀರು ತಡೆಯುವ ಸ್ಕರ್ಟ್ ಬಿಗಿಯುವ ಮುನ್ನ ಪ್ರತಿ ಚೀಲಕ್ಕೂ ಇನ್ನೆರಡು ಉಸಿರು ಸೇರಿಸಿ. ಮಧ್ಯಾಹ್ನ ಊಟಕ್ಕೆ ದಡ ಸೇರಿ ದೋಣಿಯನ್ನು ಬಿಸಿಲಿಗೆ ಎಳೆದಿಟ್ಟರೆ ಆ ಎರಡು ಉಸಿರನ್ನು ಮತ್ತೆ ಹೊರಗೆ ಬಿಡಿ. ರಗಳೆ ಎನಿಸಬಹುದು, ರೂಢಿಯಾದರೆ ಅರ್ಧ ನಿಮಿಷದ ಕೆಲಸ.

ಬಟ್ಟೆಗೆ ಹಾನಿಯೇ ಎಂದು ಕೇಳಿದ್ದೀರಿ. ನೈಲಾನ್ ನೀರು ಕುಡಿದು ಸಡಿಲವಾಗುತ್ತದೆ, ಒಣಗಿದಾಗ ಬಿಗಿಯುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ನೆನೆದು ಸಡಿಲವಾದ ನೈಲಾನಿನ ಒಳಗೆ ಚೀಲವನ್ನು ಅತಿಯಾಗಿ ಊದಿದರೆ ಉದ್ದಪಟ್ಟಿಗಳ ನಡುವೆ ಬಟ್ಟೆ ಉಬ್ಬುತ್ತದೆ, ಅದೂ ದಡದ ಮೇಲಿದ್ದಾಗ. ನೀರಿನಲ್ಲಿ ಹೊರಗಿನ ಒತ್ತಡ ಬಟ್ಟೆಯನ್ನು ಒಳಕ್ಕೆ ತಳ್ಳುತ್ತಿರುತ್ತದೆ, ಹದವಾಗಿ ಊದಿದ ಚೀಲ ಅದಕ್ಕೆ ಆಸರೆಯಾಗುತ್ತದೆ. ಮರಕ್ಕೆ ನಿಜವಾದ ಅಪಾಯ ತೇವ. ಚೀಲ ಅಂಟಿ ಕೂತ ಜಾಗಕ್ಕೆ ಗಾಳಿಯಾಡುವುದಿಲ್ಲ, ಕಪ್ಪು ಬೂಷ್ಟು ಹಿಡಿಯುತ್ತದೆ, ವರ್ಷಗಳಲ್ಲಿ ಕೊಳೆಯೂ ಬರಬಹುದು. ಪ್ರತಿ ಸಲ ಮನೆಗೆ ಬಂದ ಮೇಲೆ ಗಾಳಿ ಬಿಟ್ಟು ಚೀಲವನ್ನು ಹೊರಗೆಳೆದು, ದೋಣಿಯನ್ನು ಬೋರಲು ಹಾಕಿ ನೆರಳಲ್ಲಿ ಒಣಗಿಸಿ.

ಸಾಮಾನಿನ ಚೀಲಗಳೇ ಸಾಲವೇ ಎಂದರೆ, ಸಾಲುತ್ತವೆ. ಶರತ್ತು ಎರಡು: ನೀರು ಹೋಗದಂತೆ ಮುಚ್ಚಿರಬೇಕು, ಕಟ್ಟಿರಬೇಕು. ಮಲಗುವ ಚೀಲ, ಬಟ್ಟೆಬರೆಯಲ್ಲಿ ಬಹುಪಾಲು ಗಾಳಿಯೇ ಇರುವುದು, ಅವು ಒಳ್ಳೆಯ ಫ್ಲೋಟ್ ಬ್ಯಾಗುಗಳೇ. ತಮಾಷೆಯೆಂದರೆ ಕುಡಿಯುವ ನೀರಿನ ಚೀಲವೂ ಕೆಟ್ಟದ್ದಲ್ಲ. ಅದು ದೋಣಿಯನ್ನು ಎತ್ತುವುದಿಲ್ಲ, ಆದರೆ ಅಷ್ಟು ಜಾಗಕ್ಕೆ ಸಮುದ್ರದ ನೀರು ಬರಲೂ ಬಿಡುವುದಿಲ್ಲ. ಹೊರಗಿನಿಂದ ಬಂದು ಅತ್ತಿತ್ತ ಓಡುವ ಹತ್ತು ಲೀಟರಿಗಿಂತ ಕಟ್ಟಿಟ್ಟ ಹತ್ತು ಲೀಟರ್ ಎಷ್ಟೋ ವಾಸಿ. ಡಬ್ಬಿ, ಒಲೆ, ಪಾತ್ರೆ ಮಾತ್ರ ಶುದ್ಧ ಭಾರ. ಸಾಮಾನು ತುಂಬಿದ ಮೇಲೆ ಉಳಿದ ಸಂದುಗಳಿಗೆ ಗಾಳಿಚೀಲವನ್ನು ಅರೆಬರೆ ಊದಿ ತುರುಕಿ. ಒಂದು ತುದಿ ತೆರೆದು ಸಾಮಾನು ತುಂಬಿ, ಮಡಚಿ ಮುಚ್ಚಿ, ಮೇಲೆ ಗಾಳಿಯನ್ನೂ ಊದಬಹುದಾದ ಚೀಲಗಳೂ ಸಿಗುತ್ತವೆ. ಹೆಚ್ಚು ದಿನದ ಪ್ರಯಾಣ ಮಾಡುವವರಾದರೆ ಮೊದಲೇ ಅದನ್ನು ಕೊಳ್ಳುವುದು ಜಾಣತನ.

ಅಗ್ಗದ ದಾರಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮುಚ್ಚಳ ಬಿಗಿದ ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗಳನ್ನು ಬಲೆಯಲ್ಲಿ ತುಂಬಿ ಕಟ್ಟುವವರಿದ್ದಾರೆ. ಒಂದು ಒಡೆದರೂ ಉಳಿದವು ಇರುತ್ತವೆ ಎಂಬುದು ಅದರ ಗುಣ, ಬಾಟಲಿಗಳ ನಡುವಿನ ಸಂದಿಗೆ ನೀರು ನುಗ್ಗುತ್ತದೆ ಎಂಬುದು ದೋಷ. ತಾತ್ಕಾಲಿಕಕ್ಕೆ ನಡೆಯುತ್ತದೆ. ಮಕ್ಕಳ ಬೀಚ್ ಬಾಲ್ ಒಂದು ಬೇಸಿಗೆಗೆ ಸರಿ, ಎರಡನೆಯದಕ್ಕೆ ನಂಬಬೇಡಿ. ಡಬ್ಬಿಯಿಂದ ಸಿಂಪಡಿಸಿದರೆ ಉಬ್ಬಿ ಗಟ್ಟಿಯಾಗುವ ಫೋಮನ್ನು ಮಾತ್ರ ಯಾವ ಕಾರಣಕ್ಕೂ ದೋಣಿಯೊಳಗೆ ಬಿಡಬೇಡಿ. ಅದು ಕಾಲಕ್ರಮೇಣ ನೀರು ಹೀರುತ್ತದೆ, ಮರವನ್ನು ಒಣಗಲು ಬಿಡುವುದಿಲ್ಲ, ಮುಂದೆ ಕಟ್ಟು ಸರಿಪಡಿಸಬೇಕೆಂದರೆ ಕೆತ್ತಿ ತೆಗೆಯಬೇಕು. ನೀವು ಒಂದು ಚಳಿಗಾಲ ಕೂತು ಕಟ್ಟಿದ್ದನ್ನು ಅರ್ಧ ಗಂಟೆಯಲ್ಲಿ ಹಾಳುಮಾಡುವ ಉಪಾಯ ಅದು.

ಸೀ ಸಾಕ್ ಎಂಬುದೊಂದಿದೆ, ಅದನ್ನು ಗಮನಿಸಿ. ಕಾಕ್‌ಪಿಟ್ ಬಳೆಗೆ ಬಾಯಿ ಸಿಕ್ಕಿಸಿ ಒಳಗೆ ಇಳಿಬಿಡುವ ದೊಡ್ಡ ನೈಲಾನ್ ಚೀಲ. ನೀವು ಅದರೊಳಗೆ ಕಾಲಿಟ್ಟು ಕೂರುತ್ತೀರಿ. ಮಗುಚಿದರೆ ನೀರು ಆ ಚೀಲದೊಳಕ್ಕೆ ಮಾತ್ರ ಬರುತ್ತದೆ, ನಿಮ್ಮ ಕಾಲಿನ ಸುತ್ತ ಒಂದಷ್ಟು. ಮಡಚುವ ಕಯಾಕಿನವರಿಗೆ ಇದು ಹಳೆಯ ಪರಿಚಯ. ಇಕ್ಕಟ್ಟಿನ ಗ್ರೀನ್‌ಲ್ಯಾಂಡ್ ದೋಣಿಯಲ್ಲಿ ಕಾಲು ತೂರಿಸುವಾಗ ಇದು ಸುಕ್ಕುಗಟ್ಟಿ ಕಾಡುತ್ತದೆ, ಆದರೂ ಒಳ್ಳೆಯ ಸಾಧನ. ಗಾಳಿಚೀಲಕ್ಕೆ ಇದು ಬದಲಿಯಲ್ಲ. ನಿಮ್ಮ ಕರಾವಳಿಯ ಬಂಡೆಗಳ ಮೇಲೆ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಮತ್ತು ಸಿಂಪಿಚಿಪ್ಪುಗಳು ಬ್ಲೇಡಿನಂತಿವೆ. ಬಟ್ಟೆ ಸೀಳಿದರೆ ನೀರು ಬರುವುದು ಸೀ ಸಾಕಿನ ಹೊರಗಿನಿಂದ, ಚೌಕಟ್ಟಿನ ಪೊಳ್ಳಿಗೆ. ಅಲ್ಲಿ ಜಾಗ ಹಿಡಿದು ಕೂತ ಗಾಳಿಯೊಂದೇ ಉಪಯೋಗಕ್ಕೆ ಬರುವುದು. ಎರಡೂ ಇದ್ದರೆ ಚೆನ್ನ, ಒಂದೇ ಎಂದರೆ ಗಾಳಿಚೀಲ.

ಮಡಚುವ ಕಯಾಕಿನ ಮಾತು ಬಂದದ್ದರಿಂದ: ಅವುಗಳಲ್ಲಿ ಅನೇಕದರಲ್ಲಿ ಬಟ್ಟೆಯ ಪಕ್ಕದುದ್ದಕ್ಕೂ ಗಾಳಿಕೊಳವೆ ಓಡುತ್ತದೆ. 1956ರಲ್ಲಿ ಜರ್ಮನ್ ವೈದ್ಯ ಹಾನೆಸ್ ಲಿಂಡೆಮಾನ್ ಕ್ಲೆಪರ್ ಕಂಪನಿಯ ಅಂಥದೊಂದು ದೋಣಿಯಲ್ಲಿ ಒಬ್ಬನೇ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ. ದಾರಿಯಲ್ಲಿ ಮಗುಚಿಯೂ ಉಳಿದ. ಪಕ್ಕದ ಕೊಳವೆಗಳು ನೀರು ತುಂಬಿದ ದೋಣಿ ವಾಲದಂತೆ ಹಿಡಿಯುತ್ತವೆ, ತುದಿಯ ಚೀಲಗಳಿಗೆ ಆ ಗುಣ ಕಡಿಮೆ. ಹಾಗೆಂದು ನಿಮ್ಮ 52 ಸೆಂಟಿಮೀಟರ್ ಅಗಲದ ದೋಣಿಯ ಪಕ್ಕಕ್ಕೆ ಕೊಳವೆ ತುರುಕಲು ಹೋಗಬೇಡಿ, ಕೂರಲು ಜಾಗ ಉಳಿಯುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಸಮುದ್ರಕ್ಕೆ ಹೋಗುವ ಮೊದಲು ಒಂದು ಆಗಸ್ಟ್ ಮಧ್ಯಾಹ್ನ ಲೇಕ್ ವಾಷಿಂಗ್ಟನ್ ಸರೋವರದ ಎದೆಮಟ್ಟದ ನೀರಿಗೆ ಹೋಗಿ. ಜೊತೆಗೊಬ್ಬರಿರಲಿ. ಮೊದಲು ಚೀಲಗಳಿಲ್ಲದೆ ಮಗುಚಿ, ಹೊರಬಂದು, ದೋಣಿ ತಿರುಗಿಸಿ, ಹತ್ತಿ ಕೂರಲು ನೋಡಿ. ಆಮೇಲೆ ಚೀಲ ಹಾಕಿ ಅದನ್ನೇ ಮಾಡಿ. ಬಳೆ ನೀರಿನಿಂದ ಎಷ್ಟು ಬೆರಳು ಮೇಲಿದೆ, ಪಂಪ್ ಮಾಡಿ ಮುಗಿಸಲು ಎಷ್ಟು ನಿಮಿಷ ಹಿಡಿಯಿತು ಎಂದು ಜೊತೆಯವರು ಬರೆದುಕೊಳ್ಳಲಿ. ದೋಣಿ ಒಂದು ತುದಿಗೆ ವಾಲಿ ನಿಂತರೆ ಆ ತುದಿಯ ಚೀಲ ಚಿಕ್ಕದಾಯಿತು, ಅಥವಾ ತುದಿಯವರೆಗೆ ಹೋಗಿಲ್ಲ. ಮನೆಗೆ ಬಂದು ಚೀಲಗಳನ್ನು ದೋಣಿಯ ಹೊರಗೆ ಊದಿ, ಒಂದು ರಾತ್ರಿ ಬಿಟ್ಟು ಮಾರನೆಯ ಬೆಳಗ್ಗೆ ನೋಡಿ. ಕೋಣೆ ತಣ್ಣಗಾದಷ್ಟು ಸಡಿಲವಾದರೆ ಸಹಜ. ಅದಕ್ಕಿಂತ ಹೆಚ್ಚು ಇಳಿದಿದ್ದರೆ ಸಾಬೂನುನೀರು ಸವರಿ ಗುಳ್ಳೆ ಎಲ್ಲಿ ಏಳುತ್ತದೆ ಹುಡುಕಿ. ಹೆಚ್ಚಿನ ಸಲ ಅದು ವಾಲ್ವಿನ ಬುಡದಲ್ಲೇ ಸಿಗುತ್ತದೆ, ಯುರೆಥೇನ್ ಅಂಟಿನ ಒಂದು ಪದರ ಹಚ್ಚಿ ಇಡೀ ದಿನ ಒಣಗಲು ಬಿಟ್ಟರೆ ನಿಲ್ಲುತ್ತದೆ.